ಕಿನುಕೊಳ ಗುರುವಾರಗಳು

ಸೋಮವಾರ, ಬುಧವಾರ, ಶುಕ್ರವಾರ ನಮ್ಮ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರುತ್ತದೆ. ಬೆಳಿಗ್ಗೆ ಹೋಗಿ ಮಲಗಿದರೆ ಏಳುವಾಗ ಊಟದ ಹೊತ್ತು ಮೀರಿರುತ್ತದೆ. ಆಮೇಲೆ ಮನೆಗೆ ಬಂದು ಬಿದ್ದುಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ತೊಯಾಮಾ ಕೊಲ್ಲಿಯ ದಡದ ನಮ್ಮ ಊರಿನಲ್ಲಿ ಡಯಾಲಿಸಿಸ್ ಮಾಡುವ ಆಸ್ಪತ್ರೆ ಒಂದೇ. ಹಾಗಾಗಿ ಕಿಡ್ನಿ ಕೆಟ್ಟವರೆಲ್ಲ ಒಂದಲ್ಲ ಒಂದು ದಿನ ಅಲ್ಲಿಯ ಉದ್ದನೆಯ ಕೋಣೆಯಲ್ಲಿ ಪರಿಚಯವಾಗಲೇಬೇಕು. ನಾನು ಮೀನು ಮಾರುಕಟ್ಟೆಯ ಐಸ್ ಲಾರಿ ಓಡಿಸಿಕೊಂಡಿದ್ದವನು. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣು ತೆಗೆದುಕೊಂಡಿತು, ಆಮೇಲೆ ಕಿಡ್ನಿ.

ಇಸುರುಗಿ ಕಿನುಕೊ ನನ್ನ ಪಕ್ಕದ ಹಾಸಿಗೆಗೆ ಬಂದಾಗ ಆಕೆಗೆ ಅರವತ್ತೈದು ದಾಟಿತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹೊಸಬರು ಸಾಮಾನ್ಯವಾಗಿ ಮೊದಲ ವಾರ ಚಾವಣಿ ನೋಡುತ್ತ ಅಳುತ್ತಾರೆ. ಈಕೆ ಚೀಲದಿಂದ ಕೆಂಪು ಬಣ್ಣದ ಹಳೆಯ ಟೇಪ್ ರೆಕಾರ್ಡರ್ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡು, ಕಿವಿಗೆ ವೈರು ಸಿಕ್ಕಿಸಿ, ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳೇ ನಕ್ಕಳು.

"ಏನು ಕೇಳ್ತಿದೀರಿ?" ಎಂದೆ.

"ಹಾಡು. ಟೀವಿ ಮುಂದೆ ಟೇಪ್ ಹಿಡ್ಕೊಂಡು ಕೂತು ತುಂಬಿಸಿದ್ದು. ಹಾಡಿನ ಮಧ್ಯೆ ನಮ್ಮಮ್ಮ ಬಂದು, 'ಯಾರೇ ಅದು ಸ್ನಾನದ ನೀರು ತಣ್ಣಗೆ ಮಾಡ್ತಿರೋರು' ಅಂತ ಕೂಗ್ತಾಳೆ. ಕೇಳಿ ನೋಡಿ." ವೈರಿನ ಒಂದು ತುದಿ ನನ್ನ ಕಡೆ ಚಾಚಿದಳು. ಸೂಜಿ ಚುಚ್ಚಿದ ಕೈ ಅಲ್ಲಾಡಿಸಬಾರದು ಎಂದು ನರ್ಸ್ ಬಂದು ಇಬ್ಬರನ್ನೂ ಗದರಿಸಿದಳು.

ನಮ್ಮೆದುರಿನ ಹಾಸಿಗೆಯ ಮುಕಾಯಿ ನಮ್ಮಿಬ್ಬರಿಗಿಂತ ಹಿರಿಯರು. ಶಾಲೆಯ ಜವಾನರಾಗಿದ್ದು ನಿವೃತ್ತರಾದವರು. ಮಗಳು ಮಿಹೊ ಅದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮದುವೆಯಾಗದೆ ಅಪ್ಪನ ಜೊತೆ ಉಳಿದಿದ್ದಳು. ಉಪ್ಪು ತೂಗಿ, ತರಕಾರಿ ಎರಡೆರಡು ಸಲ ಬೇಯಿಸಿ ನೀರು ಚೆಲ್ಲಿ, ಅಪ್ಪನಿಗೆ ಬಡಿಸುವ ಹುಡುಗಿ. ಮುಕಾಯಿ ಆ ಊಟದ ಬಗ್ಗೆ ದಿನಾ ಗೊಣಗುತ್ತಿದ್ದರು. "ಒದ್ದೆ ಕಾಗದ ತಿಂದ ಹಾಗಿರುತ್ತೆ," ಎನ್ನುತ್ತಿದ್ದರು. ಆದರೆ ಬಟ್ಟಲಲ್ಲಿ ಒಂದಗುಳೂ ಬಿಡುತ್ತಿರಲಿಲ್ಲ ಎಂದು ಮಿಹೊ ನನಗೆ ಹೇಳಿದ್ದಳು.

ನಮ್ಮ ಸುತ್ತಾಟಗಳನ್ನು ಶುರುಮಾಡಿದವಳು ಕಿನುಕೊ. ಆಕೆಯ ಬಳಿ ಒಂದು ಪುಟ್ಟ ಬಿಳಿ ಕಾರಿತ್ತು.

"ಹಮುರೊ-ಸಾನ್, ಮಂಗಳವಾರ ಏನ್ಮಾಡ್ತೀರಿ?" ಎಂದು ಒಮ್ಮೆ ಕೇಳಿದಳು.

"ಬುಧವಾರಕ್ಕೆ ಕಾಯ್ತೀನಿ."

"ಚೆನ್ನಾಗಿದೆ ಬಾಳು. ನಾಳೆ ಹತ್ತು ಗಂಟೆಗೆ ಮನೆ ಬಾಗಿಲಲ್ಲಿ ನಿಂತಿರಿ. ಮುಕಾಯಿ-ಸಾನ್, ನೀವೂ ಅಷ್ಟೇ. ಸತ್ತಿಲ್ಲ ತಾನೆ ಇನ್ನೂ?"

"ನಿನ್ನ ಡ್ರೈವಿಂಗ್ ನೋಡಿದ ಮೇಲೆ ಹೇಳ್ತೀನಮ್ಮ," ಎಂದರು ಮುಕಾಯಿ.

ಆಕೆಗೆ ಬೇಕಾಗಿದ್ದದ್ದು ದೇವಸ್ಥಾನವಲ್ಲ, ಹೂವಿನ ತೋಟವಲ್ಲ. ಶೋವಾ ಕಾಲದ ಸಾಮಾನು. ನಾವೆಲ್ಲ ಚಿಕ್ಕವರಾಗಿದ್ದಾಗಿನ ಆ ಕಾಲದ ವಸ್ತು ಎಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ಹುಡುಕಿಕೊಂಡು ಹೋಗುವುದು. ಮೇಜಿನ ಗಾಜಿನಡಿ ಟೀವಿ ಆಟ ಇನ್ನೂ ನಡೆಯುವ ಕಾಫಿ ಅಂಗಡಿ ಪಕ್ಕದ ಊರಿನಲ್ಲಿತ್ತು. ಅಲ್ಲಿ ಮುಕಾಯಿ ಕನ್ನಡಕ ಹಣೆಗೇರಿಸಿಕೊಂಡು ಆಕಾಶದಿಂದಿಳಿಯುವ ಹುಳುಗಳನ್ನು ಸುಡುತ್ತ ಸುಡುತ್ತ ಕಾಫಿ ತಣ್ಣಗಾಗಿಸಿಕೊಂಡರು. ಒಂದು ಬಿಸಿನೀರಿನ ಬುಗ್ಗೆಯ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಡು ಹಾಕುವ ದೊಡ್ಡ ಪೆಟ್ಟಿಗೆ ಇತ್ತು. ಕಾಸು ಹಾಕಿದರೆ ರೆಕಾರ್ಡನ್ನು ಲೋಹದ ಕೈಯೊಂದು ಎತ್ತಿ ಇಡುವುದನ್ನು ಗಾಜಿನಲ್ಲಿ ನೋಡಬಹುದಿತ್ತು. ಕಿನುಕೊಗೆ ಹಾಡಿಗಿಂತ ಆ ಕೈ ಇಷ್ಟ. "ನೋಡಿ ನೋಡಿ, ಎಷ್ಟು ಮೆಲ್ಲಗೆ ಇಡುತ್ತೆ. ನಮ್ಮ ನರ್ಸ್‌ಗೆ ತೋರಿಸ್ಬೇಕು ಇದನ್ನ."

ಹಾಡು ಬಂದರೆ ಮೂವರಿಗೂ ಸಾಲುಗಳು ಬಾಯಿಗೆ ಬರುತ್ತಿದ್ದವು. ಕುಣಿತದ ಕೈಸನ್ನೆ ಮುಕಾಯಿಗೂ ಗೊತ್ತಿತ್ತು. ಕತ್ತಲಾಗುವ ಮುಂಚೆ ಮನೆಗೆ ಬರುತ್ತಿದ್ದೆವು. ನಾವು ದೂರ ಹೋಗುವ ಹಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ಯಂತ್ರ ಕಾಯುತ್ತಿರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಸಲ ಹೋದದ್ದು ಬೆಟ್ಟದ ರಸ್ತೆಯ ಪಕ್ಕದ ಒಂದು ತಗಡಿನ ಶೆಡ್ಡಿಗೆ. ಅಲ್ಲಿ ಉದೊನ್ ಎಂಬ ದಪ್ಪ ಶಾವಿಗೆ ಕೊಡುವ ಹಳೆಯ ಯಂತ್ರವಿತ್ತು. ಕಾಸು ಹಾಕಿ ಗುಂಡಿ ಒತ್ತಿದರೆ ಒಳಗೆ ಏನೋ ಗಡಗಡ ತಿರುಗಿ, ಶಾವಿಗೆಯ ಮೇಲೆ ಬಿಸಿನೀರು ಸುರಿದು ಬಸಿದು, ಸಾರು ಬಿದ್ದು, ಕೆಳಗಿನ ಕಿಂಡಿಯಲ್ಲಿ ಹಬೆಯಾಡುವ ಬಟ್ಟಲು ಬಂದು ನಿಲ್ಲುತ್ತಿತ್ತು. ಲಾರಿ ಓಡಿಸುವಾಗ ನಾನು ಅಂಥ ಯಂತ್ರಗಳ ಮುಂದೆ ನಿಂತು ಎಷ್ಟು ಬಟ್ಟಲು ತಿಂದಿದ್ದೆನೋ. ಈಗ ಎಲ್ಲ ಕಡೆ ಕೆಟ್ಟು, ಕಿತ್ತು ಬಿಸಾಕಿ, ಉಳಿದಿರುವುದು ಅಲ್ಲೊಂದು ಇಲ್ಲೊಂದು. ರಜಾದಿನ ದೂರದೂರಿನ ಹುಡುಗ ಹುಡುಗಿಯರು ಬೈಕು ಹತ್ತಿಕೊಂಡು ಬಂದು, ಬಟ್ಟಲನ್ನು ಯಂತ್ರದ ಪಕ್ಕ ಹಿಡಿದು ಫೋಟೊ ತೆಗೆಯುತ್ತಿದ್ದರು. "ಅಯ್ಯೋ, ಎಷ್ಟು ಹಿತವಾಗಿದೆ," ಎನ್ನುತ್ತಿದ್ದರು, ಆ ಕಾಲದಲ್ಲಿ ಅವರ ಅಮ್ಮಂದಿರೇ ಹುಟ್ಟಿರಲಿಲ್ಲವಾದರೂ.

ನಮ್ಮಂಥವರಿಗೆ ಶಾವಿಗೆ ತಿನ್ನಲು ಅಡ್ಡಿಯಿಲ್ಲ, ಸಾರು ಕುಡಿಯಬಾರದು. ಕುಡಿದ ನೀರು ಹೊರಗೆ ಹೋಗುವ ದಾರಿಯಿಲ್ಲದ ದೇಹ ನಮ್ಮದು. ಉಪ್ಪು ಹೋದರೆ ಬಾಯಾರಿಕೆ, ನೀರು ಕುಡಿದರೆ ಕಾಲು ಊದಿ, ಎದೆಗೆ ಏರುತ್ತದೆ. ಕಿನುಕೊ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಉಳಿದದ್ದನ್ನು ಮೋರಿಗೆ ಸುರಿಯುತ್ತಿದ್ದಳು. ನಾನೂ ಹಾಗೇ. ಮುಕಾಯಿ ಬಟ್ಟಲನ್ನು ಮೋರಿಯ ಮೇಲೆ ಹಿಡಿದುಕೊಂಡು ಬಹಳ ಹೊತ್ತು ನಿಲ್ಲುತ್ತಿದ್ದರು.

"ಸುರೀರಿ ಮುಕಾಯಿ-ಸಾನ್. ಅದೇನು ಚಿತಾಭಸ್ಮಾನಾ?" ಎಂದು ಕಿನುಕೊ ಛೇಡಿಸುತ್ತಿದ್ದಳು.

ಆಗಸ್ಟ್ ತಿಂಗಳ ಒಂದು ಶನಿವಾರ. ಆ ದಿನದ ಸೆಕೆ ಹೇಳತೀರದು, ಶೆಡ್ಡಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ನಾವು ಮೂವರೂ ಬಟ್ಟಲು ಹಿಡಿದು ನೆರಳಿನ ಬೆಂಚಿನಲ್ಲಿ ಕೂತಿದ್ದೆವು. ಮುಕಾಯಿ ಶಾವಿಗೆ ಮುಗಿಸಿದರು. ಮೋರಿಯ ಕಡೆ ಏಳಲಿಲ್ಲ. ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಬಾಯಿಗಿಟ್ಟುಕೊಂಡರು.

"ಏಯ್, ಏಯ್," ಎಂದೆ ನಾನು.

ಅವರು ನಿಲ್ಲಿಸಲಿಲ್ಲ. ಗಂಟಲ ಉಬ್ಬು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಬಟ್ಟಲು ಇಳಿಸಿದಾಗ ತಳದಲ್ಲಿ ಈರುಳ್ಳಿ ಸೊಪ್ಪಿನ ಒಂದು ಚೂರು ಅಂಟಿಕೊಂಡಿತ್ತು, ಅಷ್ಟೆ. ಗಲ್ಲದ ಮೇಲೆ ಸಾರು ಇಳಿಯುತ್ತಿತ್ತು. ಅವರ ಕಣ್ಣು ಒದ್ದೆಯಾಗಿದ್ದವು.

"ಹೇಗಿತ್ತು?" ಎಂದು ಕೇಳಿದಳು ಕಿನುಕೊ. ಗದರಿಸುತ್ತಾಳೆ ಅಂದುಕೊಂಡಿದ್ದೆ. ಗದರಿಸಲಿಲ್ಲ.

"ಬಿಸಿ ಇತ್ತು," ಎಂದರು ಮುಕಾಯಿ. ಆಮೇಲೆ ಎದ್ದು ಹೋಗಿ, ಗಾಜಿನ ಬಾಟಲಿಯ ಸೋಡಾ ಯಂತ್ರಕ್ಕೆ ಕಾಸು ಹಾಕಿ ಒಂದು ತೆಗೆದರು. ಅದನ್ನೂ ಕುಡಿದರು. ಕಿನುಕೊ ಆಗ ಮಾತ್ರ, "ಸಾಕು ಮುಕಾಯಿ-ಸಾನ್, ಸೋಮವಾರ ತೂಕದ ಮೇಲೆ ನಿಂತಾಗ ನರ್ಸ್ ನಮ್ ಮೂವರನ್ನೂ ಕೊಲ್ತಾಳೆ," ಎಂದಳು. ದಾರಿಯುದ್ದಕ್ಕೂ ಅವರು ಹಾಡು ಹೇಳಿಕೊಂಡು ಬಂದರು. ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸೋಮವಾರ ನಮ್ಮೆದುರಿನ ಹಾಸಿಗೆ ಖಾಲಿ ಇತ್ತು. ಬೆಳಿಗ್ಗೆ ಮಿಹೊ ಎಬ್ಬಿಸಲು ಹೋದಾಗ ಅವರು ತಣ್ಣಗಾಗಿದ್ದರಂತೆ. ಎರಡು ದಿನದ ಬಿಡುವಿನ ಕೊನೆಗೆ, ಯಂತ್ರಕ್ಕೆ ಬರುವ ಮುಂಚೆ ಹೃದಯ ನಿಲ್ಲುವುದು ನಮ್ಮ ಕೋಣೆಯಲ್ಲಿ ಹೊಸ ಸುದ್ದಿಯೇನಲ್ಲ. ಅವರೇ ಮೊದಲಿನವರೂ ಅಲ್ಲ.

ಡಾಕ್ಟರನ್ನು ಕಿನುಕೊ ನೇರವಾಗಿ ಕೇಳಿದಳು. "ಶನಿವಾರದ ಸಾರಿನಿಂದಾನಾ?"

ಡಾಕ್ಟರು ಕಡತ ಮುಚ್ಚಿ, "ಅದರಿಂದಲೇ ಅಂತ ಹೇಳೋಕಾಗಲ್ಲ, ಇಸುರುಗಿ-ಸಾನ್. ಅಲ್ಲ ಅಂತಲೂ ಹೇಳೋಕಾಗಲ್ಲ," ಎಂದರು.

ನಾವಿಬ್ಬರೂ ಕಪ್ಪು ಬಟ್ಟೆ ತೊಟ್ಟು ಮುಕಾಯಿಯವರ ಮನೆಗೆ ಹೋದೆವು. ಗಂಟೆ ಒತ್ತಿದಾಗ ಮಿಹೊ ಬಾಗಿಲನ್ನು ಸರಪಳಿ ಬಿಡುವಷ್ಟು ತೆರೆದಳು. ಸಂದಿಯಲ್ಲಿ ಅವಳ ಅರ್ಧ ಮುಖ ಕಾಣುತ್ತಿತ್ತು.

"ಊದಿನಕಡ್ಡಿ ಹಚ್ಚೋಕೆ ಬಂದ್ವಿ," ಎಂದಳು ಕಿನುಕೊ, ನಡು ಬಗ್ಗಿಸಿ.

"ಅಪ್ಪನ ಅಂಗಿ ಜೇಬಲ್ಲಿ ಸೋಡಾ ಬಾಟಲಿ ಮುಚ್ಚಳ ಸಿಕ್ತು," ಎಂದಳು ಮಿಹೊ. ಅವಳ ದನಿ ಏರಲಿಲ್ಲ. "ಆರು ವರ್ಷ ನಾನು ಉಪ್ಪು ತೂಗಿದೀನಿ. ನಾನೂ ಅದೇ ಊಟ ಉಂಡಿದೀನಿ, ಅಪ್ಪ ಒಬ್ರೇ ಉಣ್ಣಬಾರದು ಅಂತ. ನಿಮಗದು ಆಟ. ಹಳೇ ಮಿಷನ್ನು, ಹಳೇ ಹಾಡು. ನಮ್ಮಪ್ಪ ನಿಮಗೆ ಆಟಕ್ಕೆ ಸಿಕ್ಕಿದ್ರಾ?"

ಕಿನುಕೊ ಬಗ್ಗಿದವಳು ಬಗ್ಗಿಯೇ ಇದ್ದಳು. ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿಗೂ ಆಕೆ ಹಾಗೇ ಬಗ್ಗಿ ನಿಂತಿದ್ದಳು. ಕೊನೆಗೆ ನಾನೇ ತೋಳು ಹಿಡಿದು ಕರೆತಂದೆ.

ಕಾರಿನಲ್ಲಿ ಕೂತ ಮೇಲೆ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, "ಆ ಹುಡುಗಿ ಹೇಳಿದ್ದು ಸುಳ್ಳಲ್ಲ," ಎಂದಳು. "ಕೈಯಿಂದ ಬಟ್ಟಲು ಕಿತ್ಕೋಬಹುದಿತ್ತು. ಕೂತಿದ್ದದ್ದು ಪಕ್ಕದಲ್ಲೇ. ಆದ್ರೆ ಅವರ ಮುಖ ನೋಡಿದ್ರಲ್ಲ ಹಮುರೊ-ಸಾನ್? ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ಈಗ್ಲೂ, ಮತ್ತೆ ಅದೇ ಕ್ಷಣ ಬಂದ್ರೆ ಏನ್ಮಾಡ್ತೀನೋ ಗೊತ್ತಿಲ್ಲ. ಅದಕ್ಕೇ ಭಯ ಆಗ್ತಿದೆ."



ಅದರ ನಂತರ ಸುತ್ತಾಟ ನಿಂತಿತು. ಕಿನುಕೊ ಯಂತ್ರದ ಪಕ್ಕ ಮಲಗಿದಾಗ ಟೇಪ್ ರೆಕಾರ್ಡರನ್ನೂ ತರುತ್ತಿರಲಿಲ್ಲ. ಆ ಶರತ್ಕಾಲದಲ್ಲಿ ಎಡಗೈಯ ಬೆರಳುಗಳು ಮರಗಟ್ಟಿದವು. ಗೇರು ಹಿಡಿಯಲು ಆಗುವುದಿಲ್ಲವೆಂದು ಕಾರು ಮಾರಿಬಿಟ್ಟಳು. ಮಂಗಳವಾರ ಏನು ಮಾಡುತ್ತೀರಿ ಎಂದು ಈಗ ನಾನು ಕೇಳಿದರೆ, "ಬುಧವಾರಕ್ಕೆ ಕಾಯ್ತೀನಿ," ಎನ್ನುತ್ತಿದ್ದಳು.

ಅಕ್ಟೋಬರ್ ಕೊನೆಗೆ ಜಿಲ್ಲೆಯ ಪೇಟೆಯಲ್ಲಿ ಮಾರುಸೆ ಡಿಪಾರ್ಟ್‌ಮೆಂಟ್ ಸ್ಟೋರಿನ ಕಟ್ಟಡ ಕೆಡವುತ್ತಾರೆಂದು ಸುದ್ದಿ ಬಂತು. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕೆಡವುವ ಮುಂಚೆ ಒಂದು ಗುರುವಾರ ಜನರಿಗೆ ಒಳಗೆ ಬಂದು ನೋಡಲು ಬಿಡುತ್ತಾರಂತೆ. ಹಳೆಯ ಲಿಫ್ಟು, ಚಾವಣಿಯ ಮೇಲಿನ ಆಟದ ತೋಟ, ಊಟದ ಮಹಡಿ, ಎಲ್ಲ. ನಾನು ಕಿನುಕೊಗೆ ಹೇಳಿದೆ. ಆಕೆ ಮುಖ ತಿರುಗಿಸಿಕೊಂಡು, "ಅಲ್ಲಿ ನಾನು ಕೆಲಸಕ್ಕಿದ್ದೆ," ಎಂದಳು. "ಲಿಫ್ಟ್ ನಡೆಸ್ತಿದ್ದೆ. ಹದಿನೆಂಟಕ್ಕೆ ಸೇರಿದ್ದು." ನಮ್ಮ ಎಲ್ಲ ತಿರುಗಾಟದಲ್ಲೂ ಈ ಮಾತನ್ನು ಆಕೆ ಒಮ್ಮೆಯೂ ಎತ್ತಿರಲಿಲ್ಲ.

ಇಬ್ಬರೂ ರೈಲಿನಲ್ಲಿ ಹೋದೆವು. ಬಾಗಿಲಲ್ಲೇ ಸಾಲು. ಅಜ್ಜಿಯರ ಪೆಟ್ಟಿಗೆಯಿಂದ ತೆಗೆದ ಲಂಗ ತೊಟ್ಟ ಹುಡುಗಿಯರು, ಕುತ್ತಿಗೆಗೆ ರೀಲು ಹಾಕುವ ಕ್ಯಾಮೆರಾ ತೂಗುಹಾಕಿಕೊಂಡ ಹುಡುಗರು. ಲಿಫ್ಟು ಓಡುತ್ತಿರಲಿಲ್ಲ, ಬಾಗಿಲು ತೆರೆದಿಟ್ಟಿದ್ದರು. ಒಳಗೆ ಹಿತ್ತಾಳೆ ಹಿಡಿಯ ಪಕ್ಕ ನೀಲಿ ಟೋಪಿ, ಬಿಳಿ ಗವಸು ತೊಟ್ಟ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು. ಜನ ಒಬ್ಬೊಬ್ಬರಾಗಿ ಹೋಗಿ ಅವಳ ಪಕ್ಕ ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಅಜ್ಜಿ, ನೀವೂ ಬನ್ನಿ," ಎಂದಳು ಹುಡುಗಿ ನಗುತ್ತ. "ಮೇಲಕ್ಕೆ ಹೋಗ್ತಿದೀವಿ!"

ಕಿನುಕೊ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಒಳಗೆ ಹೋಗಿ ಗಿರಾಕಿಗಳು ನಿಲ್ಲುವ ಜಾಗದಲ್ಲಿ ಕೈಚೀಲ ಹಿಡಿದುಕೊಂಡು ನಿಂತಳು. ಫೋಟೊ ಆಯಿತು. "ಥ್ಯಾಂಕ್ಸ್ ಮಗಳೇ, ಕಾಲು ನೋಯ್ತಿರಬೇಕು ನಿಂಗೆ," ಎಂದಳು. ಹುಡುಗಿ ಸ್ವಲ್ಪ ಅಚ್ಚರಿಯಾಗಿ, "ಹೌದಜ್ಜಿ, ಬೆಳಿಗ್ಗೆಯಿಂದ ನಿಂತಿದೀನಿ," ಎಂದಳು.

ಮೆಟ್ಟಿಲು ಹತ್ತಿ, ನಿಂತು, ಮತ್ತೆ ಹತ್ತಿ ಚಾವಣಿಗೆ ಬಂದೆವು. ಕಾಸು ಹಾಕಿದರೆ ನಡೆಯುತ್ತಿದ್ದ ಪಾಂಡಾ ಕರಡಿಗಳು ಬಣ್ಣ ಉದುರಿ ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದ ಬೆಂಚಿನಲ್ಲಿ ಕೂತಾಗ ಕಿನುಕೊ ಮಾತಾಡಿದಳು.

"ಬೆಳಿಗ್ಗೆಯಿಂದ ನೀರು ಕುಡೀತಿರ್ಲಿಲ್ಲ ನಾವು. ಕುಡಿದ್ರೆ ಪಾಯಿಖಾನೆಗೆ ಹೋಗ್ಬೇಕಲ್ಲ, ಮಧ್ಯೆ ಬಿಡ್ತಿರ್ಲಿಲ್ಲ. ಬೇಸಿಗೇಲಿ ಆ ಡಬ್ಬಿ ಒಳಗೆ ಗವಸು ಹಾಕ್ಕೊಂಡು ನಿಂತು, 'ಮೂರನೇ ಮಹಡಿ, ಹೆಂಗಸರ ಉಡುಪು' ಅಂತ ನಗ್ತಾ ಹೇಳ್ಬೇಕು. ನಾಲಿಗೆ ಅಂಟ್ಕೊಳ್ತಿತ್ತು. ಲಿಫ್ಟಲ್ಲಿ ಯಾರೂ ಇಲ್ದಾಗ ಮೇಲ್ವಿಚಾರಕ ಹತ್ತಿಕೊಳ್ತಿದ್ದ. ಎರಡು ಮಹಡಿ ಮಧ್ಯೆ ಲಿಫ್ಟಿನ ಹಿಡಿ ಅದುಮಿ ನಿಲ್ಲಿಸ್ತಿದ್ದ." ಪಕ್ಕದ ಪಾಂಡಾದ ಬಣ್ಣವನ್ನು ಉಗುರಿನಿಂದ ಕೆರೆದಳು. "ನೀರು ಕುಡೀದೇ ಇದ್ದದ್ದಕ್ಕೇ ಕಿಡ್ನಿ ಹೋಯ್ತು ಅಂತಾಳೆ ನನ್ನ ತಂಗಿ. ಡಾಕ್ಟ್ರು ಅಲ್ಲ ಅಂತಾರೆ. ಯಾರಿಗೆ ಗೊತ್ತು. ಆಗ್ಲೂ ಬಾಯಾರಿಕೆ, ಈಗ್ಲೂ ಬಾಯಾರಿಕೆ."

"ಮತ್ತೆ ಆ ಕಾಲದ್ದನ್ನೇ ಹುಡುಕಿಕೊಂಡು ಓಡಾಡ್ತೀರಲ್ಲ?" ಎಂದೆ. ನಿಜಕ್ಕೂ ಅರ್ಥವಾಗದೆ ಕೇಳಿದ್ದು.

ಆಕೆ ದಡ್ಡನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ಆಗ ನಂಗೆ ಹತ್ತೊಂಬತ್ತು ರೀ. ಸಂಜೆ ಬಾಗಿಲು ಹಾಕಿದ ಮೇಲೆ ನಾವು ಹುಡುಗಿಯರೆಲ್ಲ ಇಲ್ಲಿಗೆ ಬಂದು ಚಪ್ಪಲಿ ಕಳಚಿ, ರೇಡಿಯೊ ಹಾಕ್ಕೊಂಡು ಕುಣೀತಿದ್ವಿ. ಇಷ್ಟಪಡೋಕೆ ನಂಗೆ ಇನ್ನೊಂದು ಹತ್ತೊಂಬತ್ತು ಎಲ್ಲಿದೆ?"

ಅವತ್ತಿನಿಂದ ಆಕೆ ಮತ್ತೆ ಹೊರಡಲು ಶುರುಮಾಡಿದಳು. ಆದರೆ ಒಬ್ಬಳೇ. ನಾನೂ ಬರುತ್ತೇನೆಂದರೆ, "ಬೇಡ ಹಮುರೊ-ಸಾನ್. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಬಗ್ಗೋಕೆ ನನ್ನಿಂದಾಗಲ್ಲ," ಎನ್ನುತ್ತಿದ್ದಳು. ಪ್ರತಿ ಗುರುವಾರ ಸಮುದ್ರದಂಚಿನ ಒಂಟಿ ಡಬ್ಬಿಯ ಡೀಸೆಲ್ ರೈಲು ಹತ್ತುತ್ತಿದ್ದಳು. ಶುಕ್ರವಾರ ಕೇಳಿದರೆ, "ಚೆನ್ನಾಗಿತ್ತು," ಎನ್ನುವಳು. ಏನು ಚೆನ್ನಾಗಿತ್ತು, ಎಲ್ಲಿಗೆ ಹೋಗಿದ್ದಳು, ಹೇಳುತ್ತಿರಲಿಲ್ಲ.

ಜನವರಿಯ ಒಂದು ಗುರುವಾರ ಹಿಮ ಬೀಳುತ್ತಿತ್ತು. ಆ ರೈಲು ಕೊನೆಯ ನಿಲ್ದಾಣ ಮುಟ್ಟಿ ಮರಳುವಾಗ, ಡ್ರೈವರ್ ಅಲ್ಲಿಯ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿರುವುದನ್ನು ಕಂಡು ಹತ್ತಲಿ ಎಂದು ಕಾದ. ಹತ್ತಲಿಲ್ಲ. ಇಳಿದು ಹೋಗಿ ಭುಜ ಮುಟ್ಟಿದ. ಅದು ಸಿಬ್ಬಂದಿಯಿಲ್ಲದ ನಿಲ್ದಾಣ. ಆಂಬುಲೆನ್ಸ್ ಬರುವಷ್ಟರಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಕಿನುಕೊಳ ತಂಗಿ ಫುಸಾಕೊ ಕನಜಾವಾದಿಂದ ಬಂದು ಎಲ್ಲ ಮುಗಿಸಿದಳು. ಸುಟ್ಟ ಮೇಲೆ ಮೂಳೆ ಆರಿಸುವಾಗ ಜೊತೆಗಾರರು ಬೇಕಲ್ಲ, ನನ್ನನ್ನೇ ಕರೆದಳು. ಉದ್ದನೆಯ ಕಡ್ಡಿಗಳಲ್ಲಿ ನಾವಿಬ್ಬರೂ ಸೇರಿ ಒಂದೊಂದೇ ಮೂಳೆ ಎತ್ತಿ ಕುಡಿಕೆಗೆ ಹಾಕಿದೆವು. ಡಯಾಲಿಸಿಸ್‌ನವರ ಮೂಳೆ ಸೊರಗಿರುತ್ತವೆ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಫುಸಾಕೊ ಎರಡು ಸಲ ಕೈ ತಡೆದಳು.

ಹೊರಗೆ ಬಂದ ಮೇಲೆ ಕೇಳಿದಳು. "ಹಮುರೊ-ಸಾನ್, ಅಕ್ಕ ಅಲ್ಲಿಗ್ಯಾಕೆ ಹೋಗ್ತಿದ್ಲು?"

"ನಂಗೊತ್ತಿಲ್ಲ."

"ಅಲ್ಲೇನಿದೆ?"

"ಅದೂ ಗೊತ್ತಿಲ್ಲ. ನಾನು ಯಾವತ್ತೂ ಅಷ್ಟು ದೂರ ಹೋಗಿಲ್ಲ."

ಮುಂದಿನ ವಾರ ಅವಳು ಮತ್ತೆ ಬಂದಳು. ಇಬ್ಬರೂ ಆ ರೈಲು ಹತ್ತಿದೆವು. ಎಡಗಡೆ ಕಪ್ಪಗಿನ ಸಮುದ್ರ, ಬಲಗಡೆ ಹಿಮ ಹೊತ್ತ ಗದ್ದೆ. ಡಬ್ಬಿಯಲ್ಲಿ ನಾವಿಬ್ಬರೇ. ಕೊನೆಯ ನಿಲ್ದಾಣದಲ್ಲಿ ಇಳಿದು ಊರೆಲ್ಲ ನಡೆದೆವು. ಊರು ಅನ್ನುವಷ್ಟು ದೊಡ್ಡದೂ ಅಲ್ಲ. ಅಲೆ ತಡೆಯುವ ಗೋಡೆ, ಕವುಚಿ ಹಾಕಿದ ದೋಣಿಗಳು, ಬೀಗ ಜಡಿದ ಒಂದು ಅಂಚೆ ಕಚೇರಿ, ಕ್ಷೌರದಂಗಡಿ. ನಾನು ಪ್ರತಿ ಸಂದಿಯಲ್ಲೂ ಇಣುಕಿದೆ, ಎಲ್ಲಾದರೂ ಹಳೆಯ ಯಂತ್ರ, ಹಾಡಿನ ಪೆಟ್ಟಿಗೆ, ಸಿನಿಮಾ ಮಂದಿರ, ಏನಾದರೂ ಇರಬಹುದೆಂದು. ಕ್ಷೌರದಂಗಡಿಯ ಹೆಂಗಸನ್ನು ಫುಸಾಕೊ ಅಕ್ಕನ ಬಗ್ಗೆ ಕೇಳಿದಳು.

"ಕೆಂಪು ಕೋಟಿನ ಹೆಂಗಸಾ? ನೋಡಿದೀನಿ. ಗೋಡೆ ಹತ್ತಿರ ನಿಂತ್ಕೊಂಡು ವಾಪಸ್ ಹೋಗೋರು. ಒಂದ್ಸಲ ಟೀ ಕುಡೀರಿ ಅಂದೆ, ಬೇಡ ಅಂದ್ರು."

"ಇಲ್ಲಿ ಮುಂಚೆ ಏನಾದ್ರೂ ಇತ್ತಾ? ಆಟದ್ದು, ನೋಡೋ ಅಂಥದ್ದು?"

"ಇಲ್ಲಮ್ಮ. ಇಲ್ಲಿ ಯಾವತ್ತೂ ಏನೂ ಇರ್ಲಿಲ್ಲ."

ಗೋಡೆಯ ಬಳಿ ಹೋಗಿ ನಿಂತೆವು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಫುಸಾಕೊ ಮೂಗು ಒರೆಸಿಕೊಂಡು, "ಹೀಗೆ ಸುಮ್ನೆ ಬಂದು ನಿಲ್ಲೋಕಾ ಅಷ್ಟು ದೂರ?" ಎಂದಳು. ಅಕ್ಕನ ಮೇಲೆ ಸಿಟ್ಟಿತ್ತು ಆ ದನಿಯಲ್ಲಿ. ಆಮೇಲೆ ಬಹಳ ಹೊತ್ತು ಅತ್ತಳು. ನಾನು ಗಾಳಿಗೆ ಅಡ್ಡವಾಗಿ ನಿಂತುಕೊಂಡೆ.

ಮರಳುವ ರೈಲಿಗೆ ಇನ್ನೂ ಹೊತ್ತಿತ್ತು. ಮಾರನೆಯ ದಿನ ಶುಕ್ರವಾರ, ನಾನು ಬೆಳಿಗ್ಗೆಯೇ ಆಸ್ಪತ್ರೆಯಲ್ಲಿರಬೇಕು ಎಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಕೈಗವಸು ತೆಗೆದು ಬೆಂಚಿನ ಮೇಲೆ ಬಿದ್ದಿದ್ದ ಹಿಮವನ್ನು ಒರೆಸಿ, ನನಗೂ ಜಾಗ ಮಾಡಿಕೊಟ್ಟು, ಕೂತಳು.